ಚುಕ್ಕೆ ಬಿದ್ದ ಎಲೆ, ಮುದುರಿದ ಎಲೆ

ನಮ್ಮ ಸೋದರಮಾವನ ಜಮೀನು ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. ಭತ್ತ, ಕಬ್ಬು ಬಿಟ್ಟು ಬೇರೆ ಬೆಳೆ ಮುಟ್ಟದ ಮನುಷ್ಯ ಈ ಸಲ ಇಪ್ಪತ್ತು ಗುಂಟೆಗೆ ಟೊಮೊಟೊ ಹಾಕಿದ್ದ. ನಾಟಿಯಾಗಿ ತಿಂಗಳು ತುಂಬುವ ಮುಂಚೆಯೇ ಫೋನು ಬಂತು. "ತುದಿ ಎಲೆ ಎಲ್ಲ ದೊನ್ನೆ ಥರ ಮುದುರ್ಕೊಂಡವೆ ಕಣಪ್ಪ. ನಂಜು ಹೊಡ್ದದೆ ಅಂತಾರೆ. ಅಂಗಡೀಲಿ ಎರಡು ಥರ ಔಸ್ದಿ ಕೊಟ್ರು, ಎರಡೂ ಹೊಡ್ದೆ. ಏನೂ ಆಗ್ನಿಲ್ಲ."

ಭಾನುವಾರ ಹೋಗಿ ನೋಡಿದೆ. ಕೆಳಗಿನ ಎಲೆಗಳು ಅಗಲವಾಗಿ, ಹಸಿರಾಗಿ, ಏನೂ ಆಗದವರಂತೆ ಇದ್ದವು. ಮೇಲಕ್ಕೆ ಹೋದಂತೆ ಎಲೆ ಸಣ್ಣದಾಗಿ, ಅಂಚು ಹಳದಿಗಟ್ಟಿ ಮೇಲಕ್ಕೆ ಮಡಚಿಕೊಂಡಿತ್ತು. ಬೆರಳಲ್ಲಿ ಹಿಡಿದರೆ ಒಣಗಿದ ತೊಗಲಿನ ಹಾಗೆ ಗಡುಸು. ಗೆಣ್ಣುಗಳು ಹತ್ತಿರ ಹತ್ತಿರ ಬಂದು ಗಿಡದ ತಲೆ ಪೊದೆಯಂತಾಗಿತ್ತು. ಗಿಡವನ್ನು ಮೆಲ್ಲಗೆ ಅಲುಗಿಸಿದೆ. ಎಲೆಯ ಅಡಿಯಿಂದ ಅಕ್ಕಿಹಿಟ್ಟು ಕೊಡವಿದ ಹಾಗೆ ಬಿಳಿ ನೊಣಗಳೆದ್ದು, ಎರಡು ಸುತ್ತು ಹಾರಿ, ಮತ್ತೆ ಅಲ್ಲೇ ಕೂತವು.

"ಇದಕ್ಕೆ ಔಸ್ದಿ ಇಲ್ವಾ?" ಅಂತ ಮಾವ ಕೇಳಿದ. ಇಲ್ಲ ಅಂದೆ. ಅವನ ಮುಖ ನೋಡಿ, ಬರೀ ಇಲ್ಲ ಅಂದು ಎದ್ದು ಬರಲು ಮನಸ್ಸಾಗಲಿಲ್ಲ. ಬದುವಿನ ಮೇಲೆ ಕೂತು ಅವನಿಗೆ ಹೇಳಿದ್ದನ್ನು ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಗಿಡದೊಳಗೆ ದೊಡ್ಡ ಹೋರಾಟವೇ ನಡೆಯುತ್ತಿರುತ್ತದೆ. ಅದರ ಗುರುತುಗಳು ಎಲೆಯ ಮೇಲೇ ಇದ್ದರೂ ನಾವು ಎಷ್ಟೋ ಸಲ ಅವನ್ನು ತಲೆಕೆಳಗಾಗಿ ಓದುತ್ತೇವೆ. ಗೆದ್ದ ಎಲೆಯನ್ನು ಸೋತದ್ದೆಂದೂ ಸೋತದ್ದನ್ನು ಚೆನ್ನಾಗಿದೆಯೆಂದೂ ತಿಳಿಯುತ್ತೇವೆ.

ಶಿಲೀಂಧ್ರ ಅಥವಾ ಬೂಷ್ಟು ರೋಗಕ್ಕೆ ಔಷಧಿ ಕೆಲಸ ಮಾಡುತ್ತದೆ, ಯಾಕೆಂದರೆ ಶಿಲೀಂಧ್ರಕ್ಕೆ ತನ್ನದೇ ಒಂದು ಸಂಸಾರವಿದೆ. ಅದು ಉಣ್ಣುತ್ತದೆ, ಉಸಿರಾಡುತ್ತದೆ, ಅದಕ್ಕೆ ತನ್ನದೇ ಗೋಡೆಯಿದೆ. ಆ ಸಂಸಾರ ಕೆಡಿಸುವ ವಿಷ ಹಾಕಬಹುದು. ಮಾವನ ಗಿಡಕ್ಕೆ ಬಂದ ಎಲೆ ಮುಟುರು ರೋಗ ತರುವುದು ವೈರಸ್. ಅದಕ್ಕೆ ಇದ್ಯಾವುದೂ ಇಲ್ಲ. ಉದಾಹರಣೆಗೆ, ಎಲೆಯಲ್ಲಿ ತಿಳಿಹಸಿರು ಕಡುಹಸಿರು ಮಚ್ಚೆ ತರುವ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್ ಅಂದರೆ ಸುಮಾರು 6,400 ಅಕ್ಷರಗಳಲ್ಲಿ ತನ್ನ ಪಾಠ ಬರೆದುಕೊಂಡ, ಆರ್‌ಎನ್‌ಎ ಎಂಬ ಪದಾರ್ಥದ ಒಂದೇ ಒಂದು ಎಳೆ, ಅದರ ಸುತ್ತ ಸುರುಳಿಯಾಗಿ ಜೋಡಿಸಿದ ಸುಮಾರು 2,130 ಒಂದೇ ಬಗೆಯ ಪ್ರೋಟೀನು ಇಟ್ಟಿಗೆ, ಅಷ್ಟೇ. ಉದ್ದ 300 ನ್ಯಾನೊಮೀಟರ್, ದಪ್ಪ 18. ಮೂರು ಸಾವಿರಕ್ಕೂ ಹೆಚ್ಚು ಕಣಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಗಿಡದ ಕೋಶದೊಳಗೆ ಬಿದ್ದ ಮೇಲೆ ಅದು ಗಿಡದ ಯಂತ್ರಗಳನ್ನೇ ಬಳಸಿ ತನ್ನ ನಕಲು ಮಾಡಿಸಿಕೊಳ್ಳುತ್ತದೆ. ಅದನ್ನು ಕೊಲ್ಲುವ ವಿಷ ಹಾಕಿದರೆ ಗಿಡದ ಕೋಶವನ್ನೇ ಕೊಂದ ಹಾಗೆ. ಮಾವ ಹೊಡೆದ ಎರಡು ಔಷಧಿಗಳಲ್ಲಿ ಒಂದು ಶಿಲೀಂಧ್ರಕ್ಕೆ, ಇನ್ನೊಂದು ಹುಳಕ್ಕೆ. ವೈರಸ್ಸನ್ನು ಅವೆರಡೂ ಮುಟ್ಟಲಾರವು.

ವೈರಸ್ ಎಂಬುದೊಂದು ಇದೆ ಎಂದು ಮನುಷ್ಯನಿಗೆ ಮೊದಲು ಗೊತ್ತಾದದ್ದೇ ಗಿಡದಿಂದ. ಅದೂ ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆಯುವ ಹೊಗೆಸೊಪ್ಪಿನಿಂದ. 1886ರಲ್ಲಿ ಅಡಾಲ್ಫ್ ಮೇಯರ್ ಎಂಬಾತ ಹಾಲೆಂಡಿನಲ್ಲಿ ಈ ರೋಗಕ್ಕೆ ಮೊಸಾಯಿಕ್ ಎಂದು ಹೆಸರಿಟ್ಟು, ರೋಗದ ಎಲೆಯ ರಸದಿಂದ ಒಳ್ಳೆಯ ಗಿಡಕ್ಕೂ ರೋಗ ಬರುತ್ತದೆಂದು ತೋರಿಸಿದ. 1892ರಲ್ಲಿ ರಷ್ಯಾದ ಇವಾನೊವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾರದ ಪಿಂಗಾಣಿ ಸೋಸುಗದಲ್ಲಿ ಸೋಸಿದ. ಸೋಸಿದ ರಸಕ್ಕೂ ರೋಗ ತರುವ ಶಕ್ತಿ ಉಳಿದಿತ್ತು. 1898ರಲ್ಲಿ ಬೈಯರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಜೀವಂತ ಕೋಶದೊಳಗೆ ಮಾತ್ರ ಹೆಚ್ಚುವ ಬೇರೆಯದೇ ವಸ್ತು ಎಂದು ಹೇಳಿ, ವೈರಸ್ ಎಂಬ ಹಳೆಯ ಲ್ಯಾಟಿನ್ ಪದವನ್ನು ಅದಕ್ಕೆ ಬಳಸಿದ. ಆ ಪದದ ಅರ್ಥ ವಿಷ, ಅಂದರೆ ನಂಜು. ನಮ್ಮ ರೈತರ ಬಾಯಲ್ಲಿ ಬೆಂಡೆಗೆ ಹಳದಿ ನಂಜು, ಹುರುಳಿಗೆ ಹಳದಿ ನಂಜು ಎಂಬ ಮಾತು ಹೇಗೆ ನಿಂತಿದೆ ನೋಡಿ. ಎರಡು ಭಾಷೆಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಮಾತಿಗೆ ಬಂದು ನಿಂತಿವೆ.

ನಂಜು ಗಿಡದೊಳಗೆ ಹೋಗುವುದಾದರೂ ಹೇಗೆ? ಸಸ್ಯಕೋಶಕ್ಕೆ ಗಟ್ಟಿ ಗೋಡೆಯಿದೆ. ಮನುಷ್ಯನಿಗೆ ನೆಗಡಿ ತರುವ ವೈರಸ್ ಮೂಗಿನ ಕೋಶಕ್ಕೆ ಅಂಟಿಕೊಂಡು ತಾನೇ ಒಳಗಿಳಿಯುತ್ತದೆ. ಗಿಡದ ವೈರಸ್‌ಗೆ ಆ ಶಕ್ತಿ ಇಲ್ಲ. ಯಾರಾದರೂ ಗೋಡೆಯಲ್ಲಿ ತೂತು ಮಾಡಿ ಕೊಡಬೇಕು. ಹೊಗೆಸೊಪ್ಪಿನ ಮೊಸಾಯಿಕ್‌ಗೆ ತೂತು ಮಾಡಿಕೊಡುವವರು ನಾವೇ. ಸಸಿ ಮಡಿಯಲ್ಲಿ ಕಳೆ ಕೀಳುವಾಗ, ಸಸಿ ಕಿತ್ತು ನಾಟಿ ಮಾಡುವಾಗ, ಕುಡಿ ಚಿವುಟುವಾಗ ಎಲೆಯ ಮೇಲಿನ ಸೂಕ್ಷ್ಮ ರೋಮಗಳು ಮುರಿಯುತ್ತವೆ. ಕೈಗೆ ರೋಗದ ಗಿಡದ ರಸ ಮೆತ್ತಿದ್ದರೆ ಅಷ್ಟೇ ಗಾಯ ಸಾಕು. ಈ ವೈರಸ್ ಒಣಗಿದ ಎಲೆಯಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ, ಬೀಡಿ ಸಿಗರೇಟಿನ ಸೊಪ್ಪಿನಲ್ಲೂ ಉಳಿಯಬಲ್ಲದು. ಬೀಡಿ ಸೇದಿದ ಕೈಯಲ್ಲಿ ಹೊಗೆಸೊಪ್ಪು, ಟೊಮೊಟೊ, ಮೆಣಸಿನ ಸಸಿ ಮುಟ್ಟಬೇಡಿ ಎಂದು ಹೇಳುವುದು ಇದಕ್ಕೇ. ಸೋಪು ಹಾಕಿ ಕೈ ತೊಳೆಯುವುದು, ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿಕೊಳ್ಳುವುದು ಎರಡೂ ಕೆಲಸಕ್ಕೆ ಬರುತ್ತವೆ. ಹಾಲಿನ ಪ್ರೋಟೀನು ವೈರಸ್ಸಿನ ಸೋಂಕುವ ಶಕ್ತಿಯನ್ನು ತಗ್ಗಿಸುತ್ತದೆ.

ಉಳಿದ ಬಹುಪಾಲು ವೈರಸ್‌ಗಳಿಗೆ ರಸ ಹೀರುವ ಕೀಟಗಳೇ ವಾಹನ. ಇದರಲ್ಲೂ ಎರಡು ಬಗೆ ಇದೆ, ಆ ವ್ಯತ್ಯಾಸ ರೈತನಿಗೆ ದುಡ್ಡಿನ ಲೆಕ್ಕ. ಪರಂಗಿಗೆ ಬರುವ ಉಂಗುರ ಚುಕ್ಕೆ ವೈರಸ್ಸನ್ನು ಸಸ್ಯ ಹೇನು ತರುತ್ತದೆ. ಹೇನಿಗೆ ಪರಂಗಿ ಮನೆಯಲ್ಲ, ದಾರಿಹೋಕನ ಹಾಗೆ ಬಂದು ಇಳಿದು, ಇದು ತನ್ನ ಗಿಡವೋ ಅಲ್ಲವೋ ಎಂದು ಒಂದು ಸಲ ಚುಚ್ಚಿ ರುಚಿ ನೋಡಿ ಹಾರಿಹೋಗುತ್ತದೆ. ಆ ಕೆಲವು ಸೆಕೆಂಡುಗಳಲ್ಲೇ ಅದರ ಸೂಜಿಯ ತುದಿಗೆ ಅಂಟಿದ್ದ ವೈರಸ್ ಗಿಡಕ್ಕೆ ಇಳಿದಿರುತ್ತದೆ. ನೀವು ಎಂಥ ಕೀಟನಾಶಕ ಹೊಡೆದಿದ್ದರೂ ಹೇನು ಸಾಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪರಂಗಿ ತೋಟದಲ್ಲಿ ಹೇನೇ ಕಾಣುವುದಿಲ್ಲ, ಆದರೂ ರೋಗ ಹಬ್ಬುತ್ತದೆ ಎಂದು ರೈತರು ಅಚ್ಚರಿಪಡುವುದಕ್ಕೆ ಕಾರಣ ಇದು. ಅಲ್ಲಿ ವಿಷಕ್ಕಿಂತ ತೋಟದ ಸುತ್ತ ಎರಡು ಮೂರು ಸಾಲು ಜೋಳ ಹಾಕುವುದು ಮೇಲು. ಹಾರಿ ಬಂದ ಹೇನು ಮೊದಲು ಎತ್ತರದ ಜೋಳಕ್ಕೆ ಇಳಿದು, ಅಲ್ಲಿ ಚುಚ್ಚಿ, ಸೂಜಿ ಒರೆಸಿಕೊಂಡು ಪರಂಗಿಗೆ ಬರುತ್ತದೆ.

ಮಾವನ ಟೊಮೊಟೊಗೆ ಮುಟುರು ರೋಗ ತಂದ ಬಿಳಿ ನೊಣದ ರೀತಿಯೇ ಬೇರೆ. ಅದು ರೋಗದ ಗಿಡದ ಎಲೆಯಡಿಯಲ್ಲಿ ಕೂತು ನಿಧಾನವಾಗಿ ರಸ ಹೀರುತ್ತದೆ. ವೈರಸ್ ಅದರ ಕರುಳಿಗೆ ಇಳಿದು, ಕರುಳಿನ ಗೋಡೆ ದಾಟಿ, ಮೈಯ ದ್ರವದಲ್ಲಿ ಸುತ್ತಿ, ಕೊನೆಗೆ ಜೊಲ್ಲಿನ ಗ್ರಂಥಿಗೆ ಬಂದು ಸೇರುತ್ತದೆ. ಇದಕ್ಕೆ ಕೆಲವು ಗಂಟೆ ಹಿಡಿಯುತ್ತದೆ. ಆಮೇಲೆ ಆ ನೊಣ ಎಷ್ಟೋ ದಿನಗಳವರೆಗೆ, ಕೂತ ಗಿಡಕ್ಕೆಲ್ಲ ನಂಜು ಹಂಚುತ್ತದೆ. ಇಲ್ಲಿ ನೊಣವನ್ನು ತಡೆಯುವುದರಿಂದ ಲಾಭವಿದೆ, ಆದರೆ ಸಮಯಕ್ಕೆ ಸರಿಯಾಗಿ ತಡೆಯಬೇಕು. ನೊಣ ಚುಚ್ಚಿದ ದಿನಕ್ಕೂ ಎಲೆ ಮುದುರುವ ದಿನಕ್ಕೂ ನಡುವೆ ಎರಡು ವಾರದ ಆಸುಪಾಸು ಅಂತರವಿರುತ್ತದೆ. ಮಾವ ಔಷಧಿ ಹೊಡೆದದ್ದು ಕಳ್ಳ ಊರು ಬಿಟ್ಟ ಮೇಲೆ ಬಾಗಿಲಿಗೆ ಬೀಗ ಹಾಕಿದ ಹಾಗೆ.

ಆ ಎರಡು ವಾರ ಗಿಡದೊಳಗೆ ನಡೆಯುವುದನ್ನು ಮಂಡ್ಯದವರಿಗೆ ವಿವರಿಸುವುದು ಸುಲಭ, ನಾಲೆಯ ಲೆಕ್ಕದಲ್ಲೇ ಹೇಳಬಹುದು.

ಪಕ್ಕಪಕ್ಕದ ಎರಡು ಗದ್ದೆಗಳ ನಡುವಿನ ಬದುವಿನಲ್ಲಿ ತೂಬು ಇರುವ ಹಾಗೆ, ಎರಡು ಕೋಶಗಳ ನಡುವಿನ ಗೋಡೆಯಲ್ಲಿ ಬಹಳ ಸಣ್ಣ ಕೊಳವೆಗಳಿವೆ. ಅವುಗಳ ಹೆಸರು ಪ್ಲಾಸ್ಮೊಡೆಸ್ಮಾಟ. ನೀರು, ಸಕ್ಕರೆ, ಸಣ್ಣ ಸಂದೇಶಗಳು ಅದರಲ್ಲಿ ಹರಿಯುತ್ತವೆ. ವೈರಸ್ ಅದರಲ್ಲಿ ಹಾಗೇ ತೂರಲಾರದು. ಅದಕ್ಕೆಂದೇ ತನ್ನ ಪುಟ್ಟ ಗಂಟಿನಲ್ಲಿ ಒಂದು ವಿಶೇಷ ಪ್ರೋಟೀನಿನ ಪಾಠ ಬರೆದುಕೊಂಡು ಬಂದಿರುತ್ತದೆ, ಚಲನ ಪ್ರೋಟೀನು ಎನ್ನೋಣ. ಆ ಪ್ರೋಟೀನು ತೂಬಿನ ಬಾಯಿ ಸಡಿಲಿಸಿ, ವೈರಸ್ಸಿನ ಆರ್‌ಎನ್‌ಎಯನ್ನು ಕೈಹಿಡಿದು ಪಕ್ಕದ ಕೋಶಕ್ಕೆ ದಾಟಿಸುತ್ತದೆ. ಗಿಡವೂ ಸುಮ್ಮನಿರುವುದಿಲ್ಲ, ಕ್ಯಾಲೋಸ್ ಎಂಬ ಅಂಟಿನಂಥ ಸಕ್ಕರೆ ಪದಾರ್ಥ ಮೆತ್ತಿ ತೂಬನ್ನು ಕಿರಿದು ಮಾಡುತ್ತದೆ. ತೂಬು ಬಿಗಿಯಾಗುವುದು ಮೊದಲೋ ವೈರಸ್ ದಾಟುವುದು ಮೊದಲೋ ಎಂಬ ಓಟ ಪ್ರತಿಯೊಂದು ಗೋಡೆಯಲ್ಲೂ ನಡೆಯುತ್ತದೆ.

ಹೀಗೆ ಗದ್ದೆಯಿಂದ ಗದ್ದೆಗೆ ದಾಟುತ್ತ ವೈರಸ್ ಎಲೆಯ ನರಕ್ಕೆ ಬಂದು ಸೇರಿದರೆ ಅದು ನಾಲೆಗೆ ಬಿದ್ದಂತೆ. ಆ ನಾಲೆಯ ಹೆಸರು ಫ್ಲೋಯಂ. ಬಲಿತ ಎಲೆಗಳು ತಯಾರಿಸಿದ ಸಕ್ಕರೆ ಹರಿಯುವ ದಾರಿ ಅದು. ಅಣೆಕಟ್ಟಿನಿಂದ ಬಯಲಿಗೆ ಹರಿಯುವ ಹಾಗೆ ಸಕ್ಕರೆಯೂ ತಯಾರಾಗುವ ಕಡೆಯಿಂದ ಬೇಕಾದ ಕಡೆಗೆ, ಅಂದರೆ ಬೇರಿಗೆ, ಎಳೆ ಚಿಗುರಿಗೆ, ಕಾಯಿಗೆ ಹರಿಯುತ್ತದೆ. ವೈರಸ್ಸೂ ಆ ಹರಿವಿನ ಜೊತೆ ಹೋಗುತ್ತದೆ. 1934ರಲ್ಲಿ ಜಾರ್ಜ್ ಸ್ಯಾಮ್ಯುಯೆಲ್ ಎಂಬ ವಿಜ್ಞಾನಿ ಇದನ್ನು ಟೊಮೊಟೊ ಗಿಡದಲ್ಲೇ ತೋರಿಸಿದ. ಒಂದು ಎಲೆಗೆ ಮೊಸಾಯಿಕ್ ವೈರಸ್ ಸೋಂಕಿಸಿ, ಬೇರೆ ಬೇರೆ ದಿನಗಳಲ್ಲಿ ಗಿಡಗಳನ್ನು ತುಂಡು ತುಂಡಾಗಿ ಕತ್ತರಿಸಿ, ಯಾವ ತುಂಡಿನಲ್ಲಿ ವೈರಸ್ ಇದೆ ಎಂದು ಪರೀಕ್ಷಿಸಿದ. ಮೊದಲ ಕೆಲವು ದಿನ ಅದು ಆ ಎಲೆ ಬಿಟ್ಟು ಕದಲಲಿಲ್ಲ. ಆಮೇಲೆ ಸರಕ್ಕನೆ ಬೇರಿಗೆ ಇಳಿಯಿತು. ಸ್ವಲ್ಪದರಲ್ಲೇ ತುದಿಯ ಎಳೆ ಎಲೆಗಳಲ್ಲಿ ಕಾಣಿಸಿಕೊಂಡಿತು. ನಡುವಿನ ಬಲಿತ ಎಲೆಗಳು ಮಾತ್ರ ಬಹಳ ದಿನ ಶುದ್ಧವಾಗಿ ಉಳಿದವು. ಅವು ಸಕ್ಕರೆ ಕಳುಹಿಸುವ ಎಲೆಗಳು, ಅವಕ್ಕೆ ಹೊರಗಿನಿಂದ ಏನೂ ಹರಿದು ಬರುವುದಿಲ್ಲ.

ಮಾವನ ಹೊಲದಲ್ಲಿ ಕೆಳಗಿನ ಎಲೆ ಚೆಂದವಾಗಿ, ತುದಿ ಮಾತ್ರ ಮುದುರಿದ್ದು ಹೀಗೆಯೇ. ನೊಣ ಚುಚ್ಚಿದ್ದು ಎಲ್ಲೋ ಕೆಳಗಿನ ಎಲೆಯನ್ನೇ ಇರಬಹುದು. ಮುದುರಿದ ತುದಿ ಕತ್ತರಿಸಿ ಹಾಕಿದರೆ ರೋಗ ಹೋಗುವುದಿಲ್ಲ ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ, ಬೇರಿನಲ್ಲೂ ಅದು ಕೂತಾಗಿದೆ.

ಇನ್ನು ಗಿಡದ ಕಡೆಯ ಕಥೆ. ನಮ್ಮ ಮೈಯಲ್ಲಿ ರಕ್ತದ ಜೊತೆ ತಿರುಗುವ ಕಾವಲು ಕೋಶಗಳಿವೆ, ಪ್ರತಿಕಾಯಗಳಿವೆ. ಗಿಡಕ್ಕೆ ಅವೆರಡೂ ಇಲ್ಲ. ಅಲ್ಲಿ ಪ್ರತಿಯೊಂದು ಕೋಶವೂ ತಾನೇ ಕಾವಲುಗಾರ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಮಾಡಿದ ಒಂದು ಪ್ರಯೋಗ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಣಸೂರು ಕಡೆಯಿಂದ ತಂದ ಮೊಸಾಯಿಕ್ ಹಿಡಿದ ಹೊಗೆಸೊಪ್ಪಿನ ಎಲೆಯನ್ನು ಕಲ್ಬತ್ತಿನಲ್ಲಿ ಫಾಸ್ಫೇಟ್ ಉಪ್ಪಿನ ನೀರು ಹಾಕಿ ಅರೆದೆವು. ಎರಡು ಕುಂಡ. ಒಂದರಲ್ಲಿ ಸಾಮಾನ್ಯ ಹೊಗೆಸೊಪ್ಪು, ಇನ್ನೊಂದರಲ್ಲಿ ಅದರ ಕಾಡುಜಾತಿಯ ನೆಂಟ, ನಿಕೋಟಿಯಾನ ಗ್ಲುಟಿನೋಸ. ಎಲೆಗಳ ಮೇಲೆ ಕಾರ್ಬೊರಂಡಮ್ ಪುಡಿ ತೆಳ್ಳಗೆ ಉದುರಿಸಿ, ಹತ್ತಿಯಲ್ಲಿ ರಸ ಅದ್ದಿ, ಮಗುವಿನ ಕೆನ್ನೆ ಸವರಿದಷ್ಟು ಮೆಲ್ಲಗೆ ಉಜ್ಜಿ ನೀರಲ್ಲಿ ತೊಳೆದೆವು. ಪುಡಿ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ, ಅದೇ ವೈರಸ್ಸಿನ ಬಾಗಿಲು. ಮೂರನೆಯ ದಿನ ಹೋಗಿ ನೋಡಿದರೆ ಗ್ಲುಟಿನೋಸದ ಎಲೆ ತುಂಬ ಊದುಬತ್ತಿ ತಗುಲಿಸಿದ ಹಾಗೆ ಸುಟ್ಟ ಚುಕ್ಕೆಗಳು. ಸಾಮಾನ್ಯ ಹೊಗೆಸೊಪ್ಪು ಮಾತ್ರ ಒಂದು ಕಲೆಯೂ ಇಲ್ಲದೆ ಹಸಿರಾಗಿ ನಳನಳಿಸುತ್ತಿತ್ತು. ಪಾಪ, ಗ್ಲುಟಿನೋಸಕ್ಕೆ ರೋಗ ಬಂತು, ಇದು ಬಚಾವಾಯಿತು ಅಂದುಕೊಂಡೆ. ಹತ್ತು ದಿನ ಕಳೆಯುವಷ್ಟರಲ್ಲಿ ಹಸಿರಾಗಿದ್ದ ಗಿಡದ ಚಿಗುರೆಲ್ಲ ತಿಳಿಹಸಿರು ಕಡುಹಸಿರು ಕಲಸಿದ ಮೊಸಾಯಿಕ್ ಆಗಿತ್ತು. ಗ್ಲುಟಿನೋಸ ಅದೇ ಕೆಲವು ಚುಕ್ಕೆಗಳ ಎಲೆಯನ್ನು ಹೊತ್ತು, ಮೇಲೆ ಹೊಸ ಎಲೆ ಬಿಟ್ಟುಕೊಂಡು ಆರೋಗ್ಯವಾಗಿ ನಿಂತಿತ್ತು.

ಚುಕ್ಕೆ ಬಿದ್ದ ಎಲೆಯೇ ಗೆದ್ದಿತ್ತು. ವೈರಸ್ ಬಂದು ಬಿದ್ದ ಕೋಶಗಳು ಅದನ್ನು ಗುರುತಿಸಿ, ಅದು ತೂಬು ದಾಟುವ ಮುಂಚೆಯೇ ತಾವೇ ಸತ್ತು ಅದನ್ನು ಅಲ್ಲೇ ಕಟ್ಟಿಹಾಕಿದ್ದವು. ಕಪಿಲೆಯ ದಡದಲ್ಲಿ ನಂಜುಂಡೇಶ್ವರನ ಗುಡಿಗೆ ಹೋದಾಗಲೆಲ್ಲ ನನಗೆ ಆ ಎಲೆ ನೆನಪಾಗುತ್ತದೆ. ನಂಜನ್ನು ಉಂಡರೂ ಅದನ್ನು ಕೊರಳಿನಿಂದ ಕೆಳಗಿಳಿಯಲು ಬಿಡದವನು ಅವನು. ಎಲೆಯೂ ನಂಜನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಹಿಡಿದು ನಿಲ್ಲಿಸಿತ್ತು.

ಈ ಚುಕ್ಕೆಗಳನ್ನು ಎಣಿಸಿ ರಸದಲ್ಲಿ ಎಷ್ಟು ವೈರಸ್ ಇದೆಯೆಂದು ಅಳೆಯಬಹುದು ಎಂದು 1929ರಲ್ಲಿ ಫ್ರಾನ್ಸಿಸ್ ಹೋಮ್ಸ್ ತೋರಿಸಿದ. ಈ ಗುಣ ಗ್ಲುಟಿನೋಸದ ಒಂದೇ ಜೀನಿನಿಂದ ಬರುತ್ತದೆ. ಅದರ ಹೆಸರು ಎನ್ ಜೀನ್, 1994ರಲ್ಲಿ ಅದನ್ನು ಬೇರ್ಪಡಿಸಿದರು. ವೈರಸ್ ತನ್ನ ನಕಲು ತೆಗೆಯಲು ಬಳಸುವ ಪ್ರೋಟೀನಿನ ಒಂದು ಭಾಗವೇ ಈ ಜೀನಿಗೆ ಕಳ್ಳನ ಗುರುತು. ಆ ಗುರುತು ಸಿಕ್ಕ ಕೂಡಲೇ ಕೋಶದಲ್ಲಿ ಕ್ಯಾಲ್ಸಿಯಂ ನುಗ್ಗಿ, ಹೈಡ್ರೋಜನ್ ಪೆರಾಕ್ಸೈಡಿನಂಥ ಉರಿಯುವ ರಾಸಾಯನಿಕಗಳು ಹುಟ್ಟಿ, ಕೋಶ ತನ್ನ ಸಾವನ್ನು ತಾನೇ ನಡೆಸುತ್ತದೆ.

ಒಂದು ಸೂಕ್ಷ್ಮವಿದೆ. ಉಷ್ಣತೆ 28 ಡಿಗ್ರಿ ದಾಟಿದರೆ ಎನ್ ಜೀನಿನ ಕಾವಲು ಕೆಲಸ ಮಾಡುವುದಿಲ್ಲ. ಚುಕ್ಕೆ ಬೀಳದೆ ವೈರಸ್ ಗಿಡವೆಲ್ಲ ಹರಡುತ್ತದೆ. ಅಂಥ ಗಿಡವನ್ನು ಮತ್ತೆ ತಂಪಿಗೆ ತಂದರೆ, ಎಲ್ಲ ಕೋಶಗಳೂ ಒಮ್ಮೆಲೇ ಕಳ್ಳನನ್ನು ಗುರುತಿಸಿ ಒಟ್ಟಿಗೆ ಸಾಯುತ್ತವೆ, ಗಿಡ ಕುಸಿದುಬೀಳುತ್ತದೆ. ನಮ್ಮ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ 28 ಡಿಗ್ರಿ ಬೆಳಗಿನ ಹತ್ತು ಗಂಟೆಗೇ ದಾಟಿರುತ್ತದೆ. ತಂಪು ದೇಶದಲ್ಲಿ ಗಟ್ಟಿಯಾಗಿ ನಿಂತ ತಳಿ ಇಲ್ಲೂ ಹಾಗೇ ನಿಲ್ಲುತ್ತದೆಂದು ನಂಬುವ ಮುಂಚೆ ನಮ್ಮ ನೆಲದಲ್ಲೇ ಪರೀಕ್ಷಿಸಬೇಕು ಎನ್ನುವುದು ಇದಕ್ಕಾಗಿ.

ಸಾಯುವ ಕೋಶ ಸುಮ್ಮನೆ ಸಾಯುವುದಿಲ್ಲ, ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. 1961ರಲ್ಲಿ ರಾಸ್ ಎಂಬಾತ ಎನ್ ಜೀನ್ ಇರುವ ಹೊಗೆಸೊಪ್ಪಿನ ಕೆಳಗಿನ ಎಲೆಗಳಿಗೆ ಮೊದಲು ವೈರಸ್ ಸೋಂಕಿಸಿ ಚುಕ್ಕೆ ಬೀಳಿಸಿದ. ದಿನಗಳು ಕಳೆದ ಮೇಲೆ ಮೇಲಿನ ಎಲೆಗಳಿಗೂ ಸೋಂಕಿಸಿದಾಗ ಅಲ್ಲಿ ಬಿದ್ದ ಚುಕ್ಕೆಗಳು ಕಡಿಮೆಯಾಗಿಯೂ ಸಣ್ಣದಾಗಿಯೂ ಇದ್ದವು. ಒಂದು ಎಲೆಯ ಅನುಭವ ಇಡೀ ಗಿಡಕ್ಕೆ ತಲುಪಿತ್ತು. ಈ ಸುದ್ದಿಯಲ್ಲಿ ಮುಖ್ಯ ಪಾತ್ರ ಸ್ಯಾಲಿಸಿಲಿಕ್ ಆಮ್ಲದ್ದು. 1979ರಲ್ಲಿ ವೈಟ್ ಎಂಬ ವಿಜ್ಞಾನಿ ಹೊಗೆಸೊಪ್ಪಿನ ಎಲೆಗೆ ಆಸ್ಪಿರಿನ್ ಚುಚ್ಚಿ ನೋಡಿದಾಗ ಮೊಸಾಯಿಕ್ ವೈರಸ್ಸಿನ ಚುಕ್ಕೆಗಳು ಬಹಳ ಕಡಿಮೆಯಾಗಿದ್ದವು. ಆಸ್ಪಿರಿನ್ ಈ ಆಮ್ಲದ ಹತ್ತಿರದ ಸಂಬಂಧಿ. ಸೋಂಕು ತಗುಲಿದ ಗಿಡ ತಾನೇ ಸ್ಯಾಲಿಸಿಲಿಕ್ ಆಮ್ಲ ಹೆಚ್ಚಿಸಿಕೊಳ್ಳುತ್ತದೆಂದು 1990ರಲ್ಲಿ ಗೊತ್ತಾಯಿತು. ಅದರ ಒಂದಂಶ ಮೀಥೈಲ್ ಸ್ಯಾಲಿಸಿಲೇಟ್ ಆಗಿ ಗಾಳಿಗೂ ಸೇರುತ್ತದೆ. ಮಂಡಿನೋವಿಗೆ ಹಚ್ಚುವ ಮುಲಾಮಿನ ಡಬ್ಬಿ ತೆರೆದರೆ ಮೂಗಿಗೆ ಅಡರುವ ವಾಸನೆ ಅದರದ್ದೇ. ಸೋಂಕಿದ ಹೊಗೆಸೊಪ್ಪಿನಿಂದ ಹೊರಟ ಆ ಆವಿ ಪಕ್ಕದ ಆರೋಗ್ಯವಂತ ಗಿಡದಲ್ಲೂ ರಕ್ಷಣೆಯನ್ನು ಎಚ್ಚರಿಸುತ್ತದೆ ಎಂದು 1997ರಲ್ಲಿ ಕಂಡುಕೊಂಡರು. ಇದನ್ನು ಓದಿ ಯಾರೂ ಹೊಲಕ್ಕೆ ಆಸ್ಪಿರಿನ್ ಕರಗಿಸಿ ಹೊಡೆಯಲು ಹೋಗಬೇಡಿ. ಸದಾ ಯುದ್ಧದ ಎಚ್ಚರದಲ್ಲಿರುವ ಗಿಡ ಬೆಳವಣಿಗೆಯನ್ನು ಬಿಟ್ಟುಕೊಡುತ್ತದೆ, ಕುಳ್ಳಾಗುತ್ತದೆ.

ಆದರೆ ಎಲ್ಲ ಗಿಡಕ್ಕೂ ಎಲ್ಲ ವೈರಸ್ಸಿನ ಗುರುತು ಸಿಗುವುದಿಲ್ಲ. ಆಗ ಉಳಿಯುವುದು ಇನ್ನೊಂದು ಅಸ್ತ್ರ. ನನ್ನ ಮಟ್ಟಿಗೆ ಗಿಡಗಳ ಇಡೀ ಬದುಕಿನಲ್ಲೇ ಇದಕ್ಕಿಂತ ಸೊಗಸಾದ ವಿಷಯವಿಲ್ಲ.

1928ರಲ್ಲಿ ಅಮೆರಿಕದ ವಿಂಗಾರ್ಡ್ ಒಂದು ವಿಚಿತ್ರ ನೋಡಿದ. ಪರಂಗಿಯದಲ್ಲದ ಬೇರೊಂದು ಉಂಗುರ ಚುಕ್ಕೆ ವೈರಸ್ ತಗುಲಿದ ಹೊಗೆಸೊಪ್ಪಿನ ಕೆಳಗಿನ ಎಲೆಗಳು ಹಾಳಾಗಿದ್ದವು, ಆಮೇಲೆ ಬಂದ ಮೇಲಿನ ಎಲೆಗಳು ತಾವಾಗಿ ಚೇತರಿಸಿಕೊಂಡಿದ್ದವು. ಮತ್ತೆ ಅದೇ ವೈರಸ್ ಉಜ್ಜಿದರೂ ಅವಕ್ಕೆ ಏನೂ ಆಗಲಿಲ್ಲ. ಪ್ರತಿಕಾಯಗಳೇ ಇಲ್ಲದ ಗಿಡಕ್ಕೆ ಈ ನೆನಪು ಎಲ್ಲಿಂದ ಬಂತು? ಉತ್ತರಕ್ಕೆ ಎಪ್ಪತ್ತು ವರ್ಷ ಕಾಯಬೇಕಾಯಿತು. 1999ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬೌಲ್ಕೂಮ್ ಗಿಡಗಳಲ್ಲಿ ಸುಮಾರು 25 ಅಕ್ಷರ ಉದ್ದದ ಪುಟಾಣಿ ಆರ್‌ಎನ್‌ಎ ತುಂಡುಗಳನ್ನು ಕಂಡರು.

ಕಬ್ಬಿನ ಜಲ್ಲೆಯನ್ನು ಬಿತ್ತನೆಗೆ ತುಂಡು ಮಾಡುವುದನ್ನು ನೆನಪಿಸಿಕೊಳ್ಳಿ. ಹೆಚ್ಚಿನ ಸಸ್ಯ ವೈರಸ್‌ಗಳು ನಕಲಾಗುವಾಗ ಅವುಗಳ ಆರ್‌ಎನ್‌ಎ ಎರಡು ಎಳೆಗಳ ಹುರಿಯಾಗುತ್ತದೆ. ಆರೋಗ್ಯವಂತ ಕೋಶದಲ್ಲಿ ಉದ್ದನೆಯ ಜೋಡಿ ಎಳೆ ಆರ್‌ಎನ್‌ಎ ಅಪರೂಪ, ಆದ್ದರಿಂದ ಗಿಡಕ್ಕೆ ಅನುಮಾನ ಬರುತ್ತದೆ. ಡೈಸರ್ ಎಂಬ ಕತ್ತಿ ಬಂದು ಆ ಹುರಿಯನ್ನು 21, 22 ಅಕ್ಷರದ ಸಮ ತುಂಡುಗಳಾಗಿ ಕತ್ತರಿಸುತ್ತದೆ. ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಆರ್ಗೊನಾಟ್ ಎಂಬ ಇನ್ನೊಂದು ಪ್ರೋಟೀನು ಅದರಲ್ಲೊಂದು ತುಂಡನ್ನು ಅಳತೆಕಡ್ಡಿಯ ಹಾಗೆ ಕೈಯಲ್ಲಿ ಹಿಡಿದು ಕೋಶವೆಲ್ಲ ತಿರುಗುತ್ತದೆ, ಆ ಅಳತೆಗೆ ಅಕ್ಷರಕ್ಕೆ ಅಕ್ಷರ ಹೊಂದುವ ಆರ್‌ಎನ್‌ಎ ಎಲ್ಲಿ ಸಿಕ್ಕರೂ ಕತ್ತರಿಸಿ ಹಾಕುತ್ತದೆ. ಅಳತೆಕಡ್ಡಿಗಳು ತೂಬು ದಾಟಿ ಪಕ್ಕದ ಕೋಶಕ್ಕೂ, ನಾಲೆ ಹಿಡಿದು ಮೇಲಿನ ಚಿಗುರಿಗೂ ಹೋಗುತ್ತವೆ. ವೈರಸ್ ಬಂದು ತಲುಪುವ ಮುಂಚೆಯೇ ಅದರ ಗುರುತು ಅಲ್ಲಿಗೆ ಮುಟ್ಟಿದ್ದರೆ ಆ ಎಲೆ ಬಚಾವು. ವಿಂಗಾರ್ಡ್ ಕಂಡ ಚೇತರಿಕೆ ಇದೇ.

ಹವಾಯಿ ದ್ವೀಪದ ಪರಂಗಿ ಬೆಳೆ ಉಳಿದದ್ದೂ ಇದೇ ದಾರಿಯಲ್ಲಿ. ಉಂಗುರ ಚುಕ್ಕೆ ವೈರಸ್ಸಿನ ಒಂದು ತುಣುಕು ಜೀನನ್ನು ಗಿಡಕ್ಕೇ ಸೇರಿಸಿ ಡೆನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ಮಾಡಿದ ರೇನ್‌ಬೋ ತಳಿ 1998ರಲ್ಲಿ ರೈತರಿಗೆ ಸಿಕ್ಕಿತು. ವೈರಸ್ಸಿನ ಗುರುತು ಆ ಗಿಡಕ್ಕೆ ಹುಟ್ಟಿನಿಂದಲೇ ಗೊತ್ತಿತ್ತು.

ಇಷ್ಟಿದ್ದೂ ಮಾವನ ಟೊಮೊಟೊ ಸೋತದ್ದು ಯಾಕೆ? ವೈರಸ್ಸೂ ಈ ಕತ್ತಿಯನ್ನು ಕಂಡಿದೆ, ಕತ್ತಿಗೆ ಅಡ್ಡಗೋಲು ಹಿಡಿದೇ ಬರುತ್ತದೆ. ಪರಂಗಿ ವೈರಸ್ಸಿನ ಒಂದು ಪ್ರೋಟೀನು ಹೇನಿನ ಸೂಜಿಗೆ ವೈರಸ್ಸನ್ನು ಅಂಟಿಸುವ ಕೆಲಸವನ್ನೂ ಮಾಡುತ್ತದೆ, ಗಿಡದ ಅಳತೆಕಡ್ಡಿಗಳನ್ನು ಬಾಚಿ ಮುಚ್ಚಿಡುವ ಕೆಲಸವನ್ನೂ ಮಾಡುತ್ತದೆ. ಟೊಮೊಟೊ ಮುಟುರು ರೋಗದ ವೈರಸ್ ಡಿಎನ್‌ಎ ವೈರಸ್, ಎರಡು ಮುತ್ತು ಅಂಟಿಸಿದ ಹಾಗೆ ಜೋಡಿ ಕಣ. ಆ ಗುಂಪಿನ ಎಷ್ಟೋ ವೈರಸ್‌ಗಳ ಜೊತೆ ಉಪಗ್ರಹದಂತೆ ಇನ್ನೊಂದು ಪುಟ್ಟ ಡಿಎನ್‌ಎ ಉಂಗುರ ಬರುತ್ತದೆ, ಅದರಿಂದ ಹುಟ್ಟುವ ಒಂದೇ ಪ್ರೋಟೀನು ಗಿಡದ ಕತ್ತಿಯನ್ನು ಮೊಂಡು ಮಾಡುತ್ತದೆ. ಚೀನಾದ ಇಂಥದೊಂದು ವೈರಸ್ ಹೊಗೆಸೊಪ್ಪಿನ ಕೀಟ ನಿರೋಧಕ ರಾಸಾಯನಿಕಗಳನ್ನೂ ತಗ್ಗಿಸಿ, ಬಿಳಿ ನೊಣಕ್ಕೆ ಆ ಗಿಡವನ್ನು ಹಿತವಾದ ಮನೆ ಮಾಡಿಕೊಡುತ್ತದೆ.

ಎಲೆ ಮುದುರುವುದರ ಗುಟ್ಟೂ ಇಲ್ಲೇ ಇದೆ. ಎಲೆ ಅಗಲವಾಗಿ ಚಪ್ಪಟೆಯಾಗಿ ಬಿಡಿಸಿಕೊಳ್ಳಲು ಗಿಡ ತನ್ನದೇ ಪುಟಾಣಿ ಆರ್‌ಎನ್‌ಎಗಳನ್ನು ಬಳಸುತ್ತದೆ, ಅವನ್ನು ತಯಾರಿಸುವುದೂ ನಡೆಸುವುದೂ ಇದೇ ಕತ್ತಿಯ ಸಂಸಾರವೇ. ವೈರಸ್ ತನ್ನ ರಕ್ಷಣೆಗಾಗಿ ಆ ಯಂತ್ರಕ್ಕೆ ಕಲ್ಲು ಹಾಕಿದಾಗ ಎಲೆಯ ಆಕಾರವೂ ಕೆಡುತ್ತದೆ. ಮಾವನ ಕೈಯಲ್ಲಿದ್ದ ದೊನ್ನೆಯಂಥ ಎಲೆ ಬಹುಮಟ್ಟಿಗೆ ಗಿಡದ ಕತ್ತಿ ಮುರಿದದ್ದರ ಗುರುತು.

ಗಿಡದಲ್ಲಿ ವೈರಸ್‌ಗೆ ಸಿಗದ ಒಂದು ಜಾಗವಿದೆ: ತುದಿಯ ತುದಿ, ಹೊಸ ಕೋಶಗಳು ಹುಟ್ಟುವ ಸಾಸಿವೆಗಿಂತ ಸಣ್ಣ ಗುಮ್ಮಟ. ಬಹುತೇಕ ವೈರಸ್‌ಗಳು ಅಲ್ಲಿಗೆ ಕಾಲಿಡಲಾರವು. ಅಲ್ಲಿ ಹೊಸ ಕೋಶಗಳಿಗೆ ತಾಯಿಯಾದ ಕಾಂಡಕೋಶಗಳನ್ನು ಕಾಯುವ ವುಶೆಲ್ ಎಂಬ ಪ್ರೋಟೀನೇ ವೈರಸ್ಸನ್ನೂ ತಡೆಯುತ್ತದೆ ಎಂದು 2020ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಕಾರಣ ತಿಳಿಯುವ ಎಷ್ಟೋ ಮೊದಲೇ, 1952ರಲ್ಲಿ, ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ರೋಗದ ಡೇಲಿಯಾ ಗಿಡದ ಈ ತುದಿಯನ್ನು ಕತ್ತರಿಸಿ ಬೆಳೆಸಿ ರೋಗವಿಲ್ಲದ ಗಿಡ ಪಡೆದಿದ್ದರು. ಕಬ್ಬಿನವರಿಗೆ ಇದು ನೇರವಾಗಿ ಬೇಕಾದ ವಿಷಯ. ಮೊಸಾಯಿಕ್ ಇರುವ ಜಲ್ಲೆಯಿಂದ ಬಿತ್ತನೆ ತುಂಡು ಮಾಡಿದರೆ ಪ್ರತಿ ಕಣ್ಣಿನ ಜೊತೆಗೂ ನಂಜನ್ನು ನಾವೇ ನಾಟಿ ಮಾಡಿದ ಹಾಗೆ, ಕೂಳೆ ಬಿಟ್ಟರೆ ಅದೂ ಜೊತೆಗೆ ಉಳಿಯುತ್ತದೆ. ಹೀಗೆ ತುದಿಯಿಂದ ಬೆಳೆಸಿದ ಅಂಗಾಂಶ ಕೃಷಿಯ ಸಸಿ ತಂದು ಬಿತ್ತನೆ ತಾಕು ಮಾಡಿಕೊಂಡರೆ ಆ ಸರಪಳಿ ಕಡಿಯುತ್ತದೆ.

ಟೊಮೊಟೊಗೆ ಇರುವ ದಾರಿ ತಳಿ ಮತ್ತು ಪರದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮುಟುರು ರೋಗ ತಡೆಯುವ ಸಂಕ್ರಾಂತಿ, ನಂದಿ, ವೈಭವ್ ಎಂಬ ತಳಿಗಳನ್ನು ಕೊಟ್ಟಿದೆ. ಅಂಗಡಿಯಲ್ಲಿ ಸಿಗುವ ನಿರೋಧಕ ಹೈಬ್ರಿಡ್‌ಗಳಲ್ಲಿ ಟಿವೈ ಎಂಬ ಜೀನುಗಳಿವೆ. ಅವು ದಕ್ಷಿಣ ಅಮೆರಿಕದ ಕಾಡು ಟೊಮೊಟೊಗಳಿಂದ ಬಂದವು. ಅವುಗಳಲ್ಲಿ ಟಿವೈ-1 ಏನು ಮಾಡುತ್ತದೆಂದು 2013ರಲ್ಲಿ ತಿಳಿಯಿತು: ನಾನು ಮೇಲೆ ಹೇಳಿದ ಅಳತೆಕಡ್ಡಿಗಳ ಕೆಲಸವನ್ನೇ ಅದು ಬಲಪಡಿಸುತ್ತದೆ. ಅಂಥ ಗಿಡದಲ್ಲೂ ವೈರಸ್ ಇರಬಹುದು, ಆದರೆ ಕೈಮೀರುವುದಿಲ್ಲ. ಇನ್ನು ಪರದೆ. ಒಟ್ಲಿನಲ್ಲಿರುವ ಮೊದಲ ಮೂರು ನಾಲ್ಕು ವಾರ ಸಸಿಯನ್ನು ಒತ್ತು ನೇಯ್ಗೆಯ ನೈಲಾನ್ ಬಲೆಯೊಳಗೆ ಸಾಕಬೇಕು. ಎಳೆಯದರಲ್ಲೇ ನಂಜು ಹೊಕ್ಕ ಗಿಡ ಕಾಯಿ ಕಟ್ಟುವುದೇ ಅನುಮಾನ, ಹೂವು ಬಂದ ಮೇಲೆ ಹೊಕ್ಕರೆ ಅಷ್ಟೋ ಇಷ್ಟೋ ಕೈಗೆ ಸಿಗುತ್ತದೆ. ಮಾವ ಸಸಿ ತಂದಿದ್ದು ಬಯಲಲ್ಲೇ ಇಟ್ಟು ಮಾರುವ ಒಂದು ಕಡೆಯಿಂದ. ನಂಜು ಅವನ ಹೊಲಕ್ಕೆ ಬಹುಶಃ ಆಟೊದಲ್ಲೇ ಬಂದಿಳಿದಿತ್ತು.

ಎಲ್ಲ ಕೇಳಿಸಿಕೊಂಡು ಮಾವ ಬಹಳ ಹೊತ್ತು ಸಾಲುಗಳನ್ನೇ ನೋಡುತ್ತ ಕೂತಿದ್ದ. ಎದ್ದು ಎಣಿಸಿಕೊಂಡು ಬಂದ. ನೂರಕ್ಕೆ ಹದಿನೈದು ಗಿಡ ಮುದುರಿದ್ದವು, ಹೆಚ್ಚಿನವು ನಾಲೆ ಕಡೆಯ ಅಂಚಿನಲ್ಲಿ. "ಅವನ್ನ ಈಗ್ಲೇ ಕಿತ್ತಾಕ್ಲಾ?" ಅಂದ.

ಈಗ ಬೇಡ, ಬಿಸಿಲು ಏರಿದೆ, ಮುಟ್ಟಿದರೆ ನೊಣಗಳೆಲ್ಲ ಎದ್ದು ಪಕ್ಕದ ಸಾಲಿಗೆ ಕೂರುತ್ತವೆ ಅಂದೆ. ಬೆಳಗಿನ ಜಾವದ ತಂಪಿಗೆ ಅವು ಮಂಕಾಗಿರುತ್ತವೆ. ಆಗ ಗಿಡದ ಮೇಲೆ ಚೀಲ ಮುಚ್ಚಿ, ಬೇರುಸಹಿತ ಕಿತ್ತು, ಚೀಲದ ಬಾಯಿ ಕಟ್ಟಿ ಆಚೆ ಒಯ್ದು ಸುಡಬೇಕು. ಮಾವ ಕೊಟ್ಟಿಗೆಗೆ ಹೋಗಿ ಯೂರಿಯಾದ ಖಾಲಿ ಚೀಲಗಳನ್ನು ಹುಡುಕಿ, ಒಂದೊಂದನ್ನೇ ಕೊಡವಿ, ತೂತು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡತೊಡಗಿದ.